ಹೋಳಿಗೆ ಊಟದ ಮರುದಿನ

ಮಗನ ಹುಟ್ಟುಹಬ್ಬಕ್ಕೆ ವೃದ್ಧಾಶ್ರಮದಲ್ಲಿ ಹೋಳಿಗೆ ಊಟ ಹಾಕಿಸಿ ಫೋಟೊ ತೆಗೆಸಿಕೊಳ್ಳುವುದು ಈಗ ನಮ್ಮ ಕಡೆಯೂ ರೂಢಿ. ತಪ್ಪೇನಿಲ್ಲ. ಆದರೆ ಮರುದಿನ ಆ ಹಿರಿಯರಿಗೆ ಹೊತ್ತು ಹೋಗುವುದು ಹೇಗೆ?

2007ರ ಹಿರಿಯ ನಾಗರಿಕರ ಕಾಯ್ದೆ ಜಿಲ್ಲೆಗೆ ಕನಿಷ್ಠ ಒಂದು, 150 ನಿರ್ಗತಿಕರಿಗೆ ಸಾಲುವಂಥ ವೃದ್ಧಾಶ್ರಮ ಇರಲಿ ಎನ್ನುತ್ತದೆ. ಸೂರು, ಊಟವನ್ನು ಸರ್ಕಾರ ಕೊಟ್ಟೀತು. ಭಜನೆಗೆ ತಾಳ, ಓದಲು ಪತ್ರಿಕೆ, ಅಂಗಳದಲ್ಲೊಂದು ಕಟ್ಟೆ ದಾನಿಗಳಿಂದಲೂ ಬರಬಹುದು. ತೆಲಸಂಗದ ಗುಡಿಕಟ್ಟೆಯ ಮೇಲೆ ಕೂತು ಮಳೆ, ಜೋಳದ ಧಾರಣಿ, ಎಲೆಕ್ಷನ್ನು ಅಂತ ಹರಟುತ್ತ ಮುಪ್ಪು ಕಳೆಯುತ್ತಿರುವ ನನಗೆ ಆ ಕಟ್ಟೆಯ ಬೆಲೆ ಗೊತ್ತು.

ದಾಸೋಹದ ಸೀಮೆ ನಮ್ಮದು. ಒಂದು ಹೊತ್ತಿನ ಊಟದ ಜೊತೆ ಪತ್ರಿಕೆಯ ವರ್ಷದ ಚಂದಾವನ್ನೂ ಕಟ್ಟಿರಿ. ತಿಂಗಳಿಗೊಮ್ಮೆ ಹೋಗಿ, ಕೂತು ಮಾತಾಡಿರಿ.