ಅಲ್ಮೋರಾದ ಎರಡು ಪತ್ರಿಕೆಗಳು

ಬಿಟ್ಟಿ ಎಂಬ ಮಾತು ನಮ್ಮ ಮನೆಗಳಲ್ಲಿ ದಿನವೂ ಕೇಳಿಬರುವುದಷ್ಟೆ. ಇದು ಸಂಸ್ಕೃತದ ವಿಷ್ಟಿ ಶಬ್ದದ ತದ್ಭವವು. ಕೂಲಿಯಿಲ್ಲದೆ ಬಲವಂತದಿಂದ ಮಾಡಿಸಿಕೊಳ್ಳುವ ಕೆಲಸವೆಂದು ಅದರ ಅರ್ಥ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಈ ಶಬ್ದವುಂಟು. ತರಗತಿಯಲ್ಲಿ ಇದನ್ನು ಹೇಳಿಕೊಡುತ್ತಿದ್ದಾಗ ನಾವು ಅದನ್ನು ಹಳೆಯ ಕಾಲದ ಮಾತೆಂದೇ ಬಗೆದಿದ್ದೆವು. ಹಿಮಾಲಯದ ಕುಮಾವೂ ಸೀಮೆಯ ವೃತ್ತಾಂತವನ್ನು ಓದಿದ ಮೇಲೆ ನಮ್ಮ ತಪ್ಪು ತಿಳಿಯಿತು.

ಆ ಸೀಮೆಗೆ 1884ರಲ್ಲಿ ಕಾಠಗೋದಾಮಿನವರೆಗೆ ರೈಲು ಬಂದಿತು. ಅಲ್ಲಿಂದ ಮೇಲಕ್ಕೆ ಬೆಟ್ಟವೇ. ಆಂಗ್ಲ ಅಧಿಕಾರಿಗಳು ಸರ್ಕೀಟು ಹೊರಟರೆ ಅವರ ಡೇರೆ, ಪೆಟ್ಟಿಗೆ, ಬಂದೂಕುಗಳನ್ನು ಹಳ್ಳಿಗರು ಸರದಿಯ ಪ್ರಕಾರ ಬೆನ್ನಮೇಲೆ ಹೊರಬೇಕಾಗಿದ್ದಿತು. ಹಾಲು, ಸೌದೆ, ಹುಲ್ಲುಗಳನ್ನೂ ಒದಗಿಸಬೇಕು. ಯಾರ ಸರದಿ ಎಂದೆಂಬುದನ್ನು ಗ್ರಾಮದ ಮುಖ್ಯಸ್ಥನು ದಫ್ತರದಲ್ಲಿ ಬರೆದಿಡುವನು. ಗದ್ದೆಯಲ್ಲಿ ಪೈರು ಕೊಯ್ಲಿಗೆ ನಿಂತಿದ್ದರೂ, ಮನೆಯಲ್ಲಿ ಮಗುವು ಜ್ವರದಿಂದ ಮಲಗಿದ್ದರೂ ಸರದಿಯು ಸರದಿಯೇ.

ಇಂತಹ ನಾಡಿನ ಮುಖ್ಯ ಪಟ್ಟಣವಾದ ಅಲ್ಮೋರಾದಲ್ಲಿ 1871ರಲ್ಲಿ 'ಅಲ್ಮೋರಾ ಅಖಬಾರ್' ಎಂಬ ಹಿಂದೀ ಪತ್ರಿಕೆಯು ಹುಟ್ಟಿತು. ಬುದ್ಧಿವಲ್ಲಭ ಪಂತರು ಅಲ್ಲಿ ಒಂದು ಚರ್ಚಾಕೂಟವನ್ನು ನಡೆಯಿಸುತ್ತಿದ್ದರು. ಅದನ್ನು ಕಂಡು ಮೆಚ್ಚಿದ ಪ್ರಾಂತದ ಲೆಫ್ಟಿನೆಂಟ್ ಗವರ್ನರರೇ ಪತ್ರಿಕೆಗೆ ಪ್ರೋತ್ಸಾಹವಿತ್ತರೆಂದು ಹೇಳುವರು. ಆದುದರಿಂದ ಬಹುಕಾಲ ಅದು ಮೃದುವಾಗಿಯೇ ಮಾತನಾಡಿತು. ನಾವು ಇದನ್ನು ದೋಷವೆನ್ನಲಾರೆವು. ಬಿನ್ನಹದ ಭಾಷೆಯಲ್ಲಾದರೂ ಬೆಟ್ಟದವರ ಕಷ್ಟವು ಅಚ್ಚಾಗುತ್ತಿದ್ದಿತಲ್ಲವೆ?

1913ರಲ್ಲಿ ಬದರೀದತ್ತ ಪಾಂಡೆಯವರು ಸಂಪಾದಕರಾದ ಮೇಲೆ ಧ್ವನಿಯು ಬದಲಾಯಿಸಿತು. ಬಿಟ್ಟಿಯನ್ನೂ, ಕಾಡಿನ ಮೇಲಣ ಹೊಸ ಕಟ್ಟುಗಳನ್ನೂ ಪತ್ರಿಕೆಯು ನೇರವಾಗಿ ಖಂಡಿಸತೊಡಗಿತು. 1918ರ ಹೋಳಿಯ ಸಂಚಿಕೆಯಲ್ಲಿ ಜಿಲ್ಲೆಯ ಡೆಪ್ಯುಟಿ ಕಮಿಷನರರಾದ ಲೋಮಸ್ ಎಂಬವರನ್ನು ಕುರಿತು ಪರಿಹಾಸದ ಲೇಖನವು ಪ್ರಕಟವಾಯಿತು. ಹೋಳಿಯಲ್ಲಿ ಪರಿಹಾಸಕ್ಕೆ ದೋಷವಿಲ್ಲವೆಂಬುದು ಲೋಕರೂಢಿ. ಸಾಹೇಬರಿಗೆ ಮಾತ್ರ ಆ ರೂಢಿಯು ಒಪ್ಪಲಿಲ್ಲ. ಸಾವಿರ ರೂಪಾಯಿಗಳ ಜಾಮೀನನ್ನು ಕೇಳಿದರು. ಅಂದಿನ ಸಾವಿರವೆಂದರೆ ಸಣ್ಣ ಪತ್ರಿಕೆಯೊಂದರ ಪ್ರಾಣವೇ ಸರಿ. ನಾಲ್ವತ್ತೇಳು ವರ್ಷಗಳ ಪತ್ರಿಕೆಯು ನಿಂತುಹೋಯಿತು.

ಆದರೆ ಬೆಟ್ಟದವರು ಮೌನವಾಗಲಿಲ್ಲ. ಅದೇ ವರ್ಷದ ವಿಜಯದಶಮಿಯಂದು ಪಾಂಡೆಯವರೂ ಅವರ ಮಿತ್ರರೂ 'ಶಕ್ತಿ' ಎಂಬ ವಾರಪತ್ರಿಕೆಯನ್ನು ಹೊರಡಿಸಿದರು. ದಿನವನ್ನೂ ಹೆಸರನ್ನೂ ಆರಿಸಿದ ಜಾಣ್ಮೆಯನ್ನು ವಾಚಕರು ಗಮನಿಸಬೇಕು.

ಮುಂದೆ ಎರಡು ವರ್ಷ ಕಳೆದು 1921ರ ಮಕರ ಸಂಕ್ರಾಂತಿಯು ಬಂದಿತು. ನಮ್ಮಲ್ಲಿ ಎಳ್ಳುಬೆಲ್ಲವನ್ನು ಬೀರುವ ಆ ಪರ್ವವನ್ನು ಅಲ್ಲಿ ಉತ್ತರಾಯಣಿ ಎನ್ನುವರು. ಸರಯೂ ಗೋಮತಿಗಳ ಸಂಗಮದಲ್ಲಿರುವ ಬಾಗೇಶ್ವರದಲ್ಲಿ ದೊಡ್ಡ ಜಾತ್ರೆಯು ನೆರೆಯುವುದು. ಬದರೀದತ್ತರೂ, ಹರಗೋವಿಂದ ಪಂತರೂ, ಚಿರಂಜಿಲಾಲರೂ ಅಲ್ಲಿಗೆ ಬಂದರು. ಡೆಪ್ಯುಟಿ ಕಮಿಷನರರೂ ಅಲ್ಲಿಯೇ ಬೀಡುಬಿಟ್ಟಿದ್ದು ಗದರಿಸಿ ನೋಡಿದರು. ಜನರು ಕದಲಲಿಲ್ಲ. ಸಾವಿರಾರು ಮಂದಿ ಸರಯುವಿನ ನೀರನ್ನು ಕೈಯಲ್ಲಿ ಹಿಡಿದು, ಇನ್ನು ಬಿಟ್ಟಿ ಹೊರೆವುದಿಲ್ಲವೆಂದು ಪ್ರತಿಜ್ಞೆಮಾಡಿದರು. ಗ್ರಾಮದ ಮುಖ್ಯಸ್ಥರು ತಾವು ತಂದಿದ್ದ ಸರದಿಯ ದಫ್ತರಗಳನ್ನು ಹೊಳೆಯೊಳಕ್ಕೆ ಎಸೆದರು. ತಲೆಮಾರುಗಳಿಂದ ತಂದೆಯ ಹೆಸರಿನ ಕೆಳಗೆ ಮಗನ ಹೆಸರನ್ನು ಬರೆಯುತ್ತ ಬಂದಿದ್ದ ಪುಸ್ತಕಗಳವು. ಅನಂತರ ಆ ಪದ್ಧತಿಯನ್ನು ಎತ್ತಿಹಿಡಿಯುವ ಶಕ್ತಿಯು ಸರಕಾರಕ್ಕೆ ಉಳಿಯಲಿಲ್ಲ. ಗಾಂಧಿಯವರು 1929ರಲ್ಲಿ ಆ ಸೀಮೆಗೆ ಹೋದಾಗ ಬಾಗೇಶ್ವರವನ್ನೂ ಸಂದರ್ಶಿಸಿದರು.

ಒಂದು ಪತ್ರಿಕೆಯಿಂದಲೇ ಇದೆಲ್ಲ ಆಯಿತೆಂದರೆ ಅತಿಶಯೋಕ್ತಿಯಾದೀತು. ಹೊರೆ ಹೊತ್ತ ಬೆನ್ನುಗಳಿಗೆ ನೋವನ್ನು ಯಾರೂ ಅಚ್ಚುಮಾಡಿ ತಿಳಿಸಬೇಕಾಗಿರಲಿಲ್ಲ. ಆದರೆ ಒಂದು ಕಣಿವೆಯ ನೋವೇ ಪಕ್ಕದ ಕಣಿವೆಯದೂ ಎಂಬುದನ್ನು ತಿಳಿಸುವವರು ಬೇಕಾಗಿದ್ದರು. ಆ ಬೆಟ್ಟಗಳಲ್ಲಿ ಸುದ್ದಿಗೂ ಏರಿಳಿತದ ದಾರಿಯೇ.

ಬದರೀದತ್ತರು ಹಲವು ಸಲ ಸೆರೆಮನೆಯನ್ನು ಕಂಡರು. ಸಂಪಾದಕನಾದವನಿಗೆ ಬಿಡುವು ದೊರೆಯುವುದು ಅಲ್ಲಿಯೇ ಎಂದು ಕಾಣುತ್ತದೆ: ಕುಮಾವೂ ದೇಶದ ಇತಿಹಾಸವನ್ನು ಅವರು ಸೆರೆವಾಸದಲ್ಲಿ ಬರೆದರು, ಅದು 1937ರಲ್ಲಿ ಅಚ್ಚಾಯಿತು.