ಒಂದು ತಾಲ್ಲೂಕಿನ ಹೆಸರನ್ನು ಎಷ್ಟು ಕಡೆ ತಿದ್ದಬೇಕು?

ಕಿತ್ತೂರಿನ ಸಮೀಪದ ನಮ್ಮ ಊರಿನ ಹೊಲಕ್ಕೆ ಸಂಬಂಧಿಸಿದ ಅರ್ಜಿಯೊಂದನ್ನು ಅಂತರ್ಜಾಲದ ಮೂಲಕ ಸಲ್ಲಿಸಿದ್ದೆ. ಒಂದು ಜಾಲತಾಣದಲ್ಲಿ ಕಿತ್ತೂರು ಪ್ರತ್ಯೇಕ ತಾಲ್ಲೂಕು. ಇನ್ನೊಂದರಲ್ಲಿ ನಮ್ಮ ಊರು ಇನ್ನೂ ಬೈಲಹೊಂಗಲದಲ್ಲೇ ಉಳಿದಿತ್ತು. ಎರಡೂ ತಾಳೆಯಾಗದೆ ಅರ್ಜಿ ಮರಳಿ ಬಂತು. ಕಡತಗಳ ನಡುವೆಯೇ ಆಯುಷ್ಯ ಕಳೆದ ನನಗೆ ಕಾರಣ ಹೊಳೆಯಿತು. ಉತಾರ ಹಿಡಿದು ನಿಂತ ರೈತನಿಗೆ ತಿಳಿಯುವುದು, ಕೂಲಿ ಬಿಟ್ಟು ಮತ್ತೊಮ್ಮೆ ಬರಬೇಕೆಂಬುದು ಮಾತ್ರ.

ದೋಷ ಗುಮಾಸ್ತರದ್ದಲ್ಲ. ಜಿಲ್ಲೆ, ತಾಲ್ಲೂಕು, ಗ್ರಾಮಗಳ ಆಯ್ಕೆಪಟ್ಟಿ, ದಿನಾಂಕದ ಚೌಕ, ಕನ್ನಡದಲ್ಲಿ ಹೆಸರು ಬರೆಯುವ ಜಾಗ ಇವೆಲ್ಲವನ್ನೂ ಜಾಲತಾಣದಿಂದ ಜಾಲತಾಣಕ್ಕೆ ಹೊಸದಾಗಿಯೇ ಬರೆಸುವ ರೂಢಿಯ ದೋಷವಿದು. ಬೈಲಹೊಂಗಲದಿಂದ ಕಿತ್ತೂರು ಬೇರ್ಪಟ್ಟಾಗಲಾಗಲೀ, 2014ರ ನವೆಂಬರ್ 1ರಂದು ಬೆಳಗಾವಿ ಸೇರಿದಂತೆ 12 ನಗರಗಳ ಇಂಗ್ಲಿಷ್ ಹೆಸರು ಬದಲಾದಾಗಲಾಗಲೀ, ಇಂಥ ವ್ಯವಸ್ಥೆಯಲ್ಲಿ ಪ್ರತಿ ಪಟ್ಟಿಯನ್ನೂ ಬೇರೆಬೇರೆಯಾಗಿ ತಿದ್ದಬೇಕು. ಒಮ್ಮೆ ಸಿದ್ಧಪಡಿಸಿದರೆ ಎರಡನೆಯವರಿಗೆ ಬಹುತೇಕ ವೆಚ್ಚವಿಲ್ಲದೆ ಒದಗುವ ವಸ್ತುವಿಗೆ ಬೊಕ್ಕಸ ಹಲವು ಬಾರಿ ಹಣ ತೆರುವುದು ಯಾವ ಅರ್ಥಶಾಸ್ತ್ರ?

ಇದಕ್ಕೆ ತಂತ್ರಾಂಶ ಲೋಕ ಕಂಡುಕೊಂಡ ಉತ್ತರ ಕಾಂಪೊನೆಂಟ್ ಲೈಬ್ರರಿ. ಪುಟದ ಬಿಡಿಭಾಗಗಳನ್ನು ಒಮ್ಮೆ ರಚಿಸಿ ಒಂದೆಡೆ ಇಡುವುದು, ಎಲ್ಲರೂ ಅಲ್ಲಿಂದಲೇ ಪಡೆಯುವುದು. ಬ್ರಿಟನ್ ಸರ್ಕಾರ 2018ರಲ್ಲಿ ಇಂಥ ಸಂಗ್ರಹವನ್ನು ಸಾರ್ವಜನಿಕಗೊಳಿಸಿತು. ನಮ್ಮ ಕೇಂದ್ರ ಸರ್ಕಾರದ ಯುಎಕ್ಸ್‌4ಜಿ ಕೂಡ ಇದೇ ಹಾದಿಯದು. ಯಾರಾದರೂ ತಿದ್ದುಪಡಿ ಸಲ್ಲಿಸಿದರೆ ಯಂತ್ರವೇ ಅದನ್ನು ಪರೀಕ್ಷಿಸಿ, ಆವೃತ್ತಿಸಂಖ್ಯೆ ನೀಡಿ ಬಿಡುಗಡೆ ಮಾಡುವಂತೆ ಇಂಥ ಸಂಗ್ರಹವನ್ನು ರೂಪಿಸಬಹುದು. ಮೂರು ಭಾಗಗಳ ಆ ಸಂಖ್ಯೆಯಲ್ಲಿ ಕೊನೆಯದು ಬದಲಾದರೆ ಸಣ್ಣ ದುರಸ್ತಿ. ಮೊದಲನೆಯದು ಬದಲಾದರೆ ಹಳೆಯ ಪುಟಗಳು ಕೆಡಬಹುದೆಂಬ ಎಚ್ಚರಿಕೆ. ನಮ್ಮ ಕಾಲದಲ್ಲಿ ಆರ್ಥಿಕ ಸಂಹಿತೆಗೆ ತಿದ್ದುಪಡಿ ಚೀಟಿಗಳನ್ನು ಅಂಟಿಸುತ್ತಿದ್ದೆವು. ಅಂಟಿಸಲು ಮರೆತ ಕಚೇರಿಯಲ್ಲಿ ರದ್ದಾದ ನಿಯಮವೇ ಆಳುತ್ತಿತ್ತು!

ಹಾಗೆಂದು ಎಲ್ಲವನ್ನೂ ಯಂತ್ರಕ್ಕೆ ಒಪ್ಪಿಸುವುದು ವಿವೇಕವಲ್ಲ. 2016ರ ಮಾರ್ಚ್‌ನಲ್ಲಿ ಎನ್‌ಪಿಎಂ ಎಂಬ ಜಾಗತಿಕ ಭಂಡಾರದಿಂದ ಕೇವಲ 11 ಸಾಲಿನ 'ಲೆಫ್ಟ್‌ಪ್ಯಾಡ್' ಅನ್ನು ಅದರ ಕರ್ತೃ ಹಿಂತೆಗೆದುಕೊಂಡಾಗ ಅದನ್ನು ನೆಚ್ಚಿದ್ದ ಅಸಂಖ್ಯ ತಂತ್ರಾಂಶಗಳ ನಿರ್ಮಾಣವೇ ನಿಂತಿತು. 2025ರ ಸೆಪ್ಟೆಂಬರ್‌ನಲ್ಲಿ ಅದೇ ಭಂಡಾರದೊಳಗೆ ಹೊಕ್ಕ ಹುಳುವೊಂದು, ಕದ್ದ ಕೀಲಿಗಳಿಂದ ನೂರಾರು ಪ್ಯಾಕೇಜುಗಳ ಕಲುಷಿತ ಆವೃತ್ತಿಗಳನ್ನು ತಾನಾಗಿಯೇ ಪ್ರಕಟಿಸುತ್ತ ಹೋಯಿತು. ಜಮೀನಿನ ದಾಖಲೆಯ ಜಾಲತಾಣಕ್ಕೆ ಅಂಥದ್ದು ನುಸುಳಿದರೆ ಹೊಣೆ ಯಾರು?

ಆದುದರಿಂದ ಪರೀಕ್ಷೆ, ಸಂಖ್ಯೆ, ವಿತರಣೆ ಯಂತ್ರದ್ದಾಗಲಿ. ಬಿಡುಗಡೆಯ ಆದೇಶಕ್ಕೆ ಹೆಸರುಳ್ಳ ಅಧಿಕಾರಿಯೊಬ್ಬರ ಅಂಕಿತವಿರಲಿ. ಹಳೆಯ ಆವೃತ್ತಿಗಳನ್ನು ಅಳಿಸದೆ ಸರ್ಕಾರದ ಸ್ವಂತ ಭಂಡಾರದಲ್ಲಿ ಇರಿಸಲಿ. 'ಭೂಮಿ' ಯೋಜನೆಯಿಂದ ಪಹಣಿಯನ್ನು ಗಣಕಕ್ಕೆ ತಂದ ರಾಜ್ಯಕ್ಕೆ ಇದು ಮೀರಿದ ಕೆಲಸವೇನಲ್ಲ. ಮೊದಲ ಘಟಕವಾಗಿ ಊರಿನ ಆಯ್ಕೆಪಟ್ಟಿಯನ್ನೇ ಕೈಗೆತ್ತಿಕೊಳ್ಳಬಹುದು. ಬೆಂಗಳೂರಿನ ಒಪ್ಪಿಗೆಗೂ ಮುನ್ನ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ನಾಡಕಚೇರಿ ಸಿಬ್ಬಂದಿ ಅದನ್ನು ಒಂದು ವಾರ ಬಳಸಿ ನೋಡಲಿ. ಯಾವ ಹಳ್ಳಿ ಯಾವ ತಾಲ್ಲೂಕಿಗೆ ಸೇರಿತೆಂಬುದನ್ನು ಅವರು ಪುಸ್ತಕ ತೆರೆಯದೆಯೇ ಹೇಳಬಲ್ಲರು.