“ನಮ್ಮೂರಾಗ ಕೇಸೇ ಇಲ್ಲ” ಎಂಬ ಹೆಮ್ಮೆ



ಪುಣೆಯಲ್ಲಿ ನೌಕರಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವಾರ ಫೋನ್ ಮಾಡಿದ್ದ. ಚಿಕ್ಕೋಡಿಯಲ್ಲಿ ಪ್ಲಾಟ್ ಹಿಡಿಯಬೇಕೆಂದಿದ್ದಾನೆ. “ಇಲ್ಲಿ ದಿನಾ ಬಡದಾಟ, ಚಾಕು, ಸಾಕಾಗೇತ್ರಿ ಸರ್. ನಮ್ಮ ಕಡೆ ಹಲ್ಲೆ ಕೇಸು ಭಾಳ ಕಡಿಮಿ ಅದಾವು. ಮಗಳು ಹತ್ತನೇ ಇಯತ್ತೆಗೆ ಬಂದಾಳ, ಆಕೀನ್ನ ಕರಕೊಂಡು ಬಂದುಬಿಡ್ತೀನಿ” ಎಂದ. ಹಿಂದೆ ಜುಗೂಳದ ಹಿರಿಯರೊಬ್ಬರು ಕಟ್ಟೆಯ ಮೇಲೆ ಕುಳಿತು ಇದೇ ಮಾತನ್ನು ಹೆಮ್ಮೆಯಿಂದ ಆಡಿದ್ದು ನೆನಪಾಯಿತು: “ನಮ್ಮೂರಾಗ ಕೇಸೇ ಇಲ್ಲ ನೋಡ್ರಿ ಮಾಸ್ತರ.” ಅಂದು ನಾನೂ ತಲೆಯಾಡಿಸಿದ್ದೆ. ಇಂದು ಆಡಿಸಲಾರೆ. ಅದಕ್ಕಾಗಿಯೇ ಈ ಬರಹ.

ಮೂವತ್ತು ವರ್ಷ ಗಣಿತ ಕಲಿಸಿದವನು ನಾನು. ಅಪರಾಧದ ಪ್ರಮಾಣವೆಂಬುದು ಏಳನೆಯ ತರಗತಿಯ ಭಿನ್ನರಾಶಿಯೇ. ಮೇಲೆ ಅಂಶ: ದಾಖಲಾದ ಪ್ರಕರಣಗಳು. ಕೆಳಗೆ ಛೇದ: ಜನಸಂಖ್ಯೆ. ಅದನ್ನು ಒಂದು ಲಕ್ಷದಿಂದ ಗುಣಿಸುತ್ತಾರೆ. ಚಿಕ್ಕೋಡಿ ಪಟ್ಟಣದ ಜನಸಂಖ್ಯೆ 2011ರ ಗಣತಿಯಲ್ಲಿ ಸುಮಾರು 38 ಸಾವಿರ. ಅಷ್ಟು ಸಣ್ಣ ಛೇದದ ಮೇಲೆ ಒಂದೇ ಒಂದು ಪ್ರಕರಣ ಹೆಚ್ಚಾದರೂ ಪ್ರಮಾಣ ಎರಡೂವರೆಗಿಂತ ಮೇಲೆ ಜಿಗಿಯುತ್ತದೆ. ಜಾತ್ರೆಯಲ್ಲೊಮ್ಮೆ ಬಡಿದಾಟವಾಗಿ ಐದು ಪ್ರಕರಣ ದಾಖಲಾದರೆ ಹದಿಮೂರು ಏರುತ್ತದೆ. ಮರುವರ್ಷ ಜಾತ್ರೆ ಶಾಂತವಾಗಿ ನಡೆದರೆ ಊರು ‘ಸುಧಾರಿಸಿತು’! ಇನ್ನು 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲವಾದ್ದರಿಂದ ಆ ಛೇದವೂ ಅಂದಾಜಿನದೇ. ಕಬ್ಬಿನ ಹಂಗಾಮಿನಲ್ಲಿ ಅಥಣಿ, ಕಾಗವಾಡದ ಹೊಲಗಳಿಗೆ ದೂರದಿಂದ ಬಂದಿಳಿಯುವ ಕಡಿಯುವವರ ಟೋಳಿಗಳು ನಮ್ಮೂರಿನ ಛೇದದಲ್ಲಿಲ್ಲ. ಅವರ ಗುಡಿಸಲುಗಳಲ್ಲಿ ಬಿದ್ದ ಪೆಟ್ಟು ಅಂಶಕ್ಕೆ ಬಂದುದನ್ನೂ ನಾನು ಕೇಳಿಲ್ಲ.

ಛೇದದ ಕಥೆ ಅಷ್ಟಿರಲಿ, ನನ್ನ ಜಗಳವಿರುವುದು ಅಂಶದ ಜೊತೆಗೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಎಣಿಸುವುದು ಪೊಲೀಸರು ತಾವಾಗಿಯೇ ತನಿಖೆ ನಡೆಸಬಹುದಾದ ಪ್ರಕರಣಗಳನ್ನು. ಕಪಾಳಕ್ಕೆ ಹೊಡೆದರೆ, ಗುದ್ದಿದರೆ, ಎಲುಬು ಮುರಿಯದಿದ್ದರೆ ಅದು ಹಿಂದಿನ ದಂಡಸಂಹಿತೆಯ 323ನೆಯ ಕಲಮು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 115ನೆಯದು. ಬರಿಯ ಅದೊಂದೇ ಇದ್ದರೆ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಠಾಣೆಯಲ್ಲಿ ಒಂದು ಚೀಟಿ ಕೊಟ್ಟು ಕಳಿಸುತ್ತಾರೆ, ಆ ಪೆಟ್ಟು ಲೆಕ್ಕದಿಂದ ಜಾರುತ್ತದೆ. ಒಂದೇ ಘಟನೆಯಲ್ಲಿ ಹಲವು ಅಪರಾಧಗಳಿದ್ದರೆ ಎಲ್ಲಕ್ಕಿಂತ ದೊಡ್ಡದೊಂದನ್ನೇ ಎಣಿಸುವ ಪದ್ಧತಿ ಬೇರೆ. ಅಪರಾಧ ಹೆಚ್ಚುವುದು ಬೇರೆ, ಅಪರಾಧದ ದಾಖಲಾತಿ ಹೆಚ್ಚುವುದು ಬೇರೆ ಎಂದು ಆ ಬ್ಯೂರೋವೇ ತನ್ನ ವರದಿಯಲ್ಲಿ ಎಚ್ಚರಿಸುತ್ತದೆ. ಅದನ್ನು ಯಾರು ಓದುತ್ತಾರೆ? ಪ್ರಮಾಣದ ಪಟ್ಟಿಯಲ್ಲಿ ಕೇರಳ ಮೇಲಿರುತ್ತದೆ, ಬಿಹಾರ ಕೆಳಗಿರುತ್ತದೆ. ಹಾಗೆಂದು ನಮ್ಮಲ್ಲಿ ಯಾರಾದರೂ ಮಗಳನ್ನು ಕೇರಳ ಬಿಡಿಸಿ ಬಿಹಾರಕ್ಕೆ ಕಳಿಸಿದ್ದುಂಟೇ? ಮಹಾನಗರಗಳಲ್ಲಿ ಅತಿ ಕಡಿಮೆ ಅಪರಾಧದ ನಗರವೆಂದು ಕೋಲ್ಕತ್ತ ವರ್ಷವರ್ಷವೂ ಹೊಗಳಿಸಿಕೊಂಡಿತು. 2024ರ ಆಗಸ್ಟ್‌ನಲ್ಲಿ ಅಲ್ಲಿಯ ಸರಕಾರಿ ವೈದ್ಯಕೀಯ ಕಾಲೇಜಿನೊಳಗೇ ಕರ್ತವ್ಯದಲ್ಲಿದ್ದ ತರುಣ ವೈದ್ಯೆಗೆ ಏನಾಯಿತೆಂಬುದನ್ನು ದೇಶವೆಲ್ಲ ನೋಡಿದೆ.

ಅಷ್ಟು ದೂರವೇಕೆ? ನಮ್ಮ ಜಿಲ್ಲೆಯ ಹೊಸ ವಂಟಮೂರಿಯನ್ನೇ ನೋಡಿ. 2023ರ ಡಿಸೆಂಬರ್ 11ರ ಬೆಳಗಿನ ಜಾವ, ಮಗ ಊರಿನ ಹುಡುಗಿಯೊಡನೆ ಹೊರಟುಹೋದನೆಂಬ ಕಾರಣಕ್ಕೆ ಒಬ್ಬ ತಾಯಿಯನ್ನು ಮನೆಯಿಂದ ಎಳೆದು, ವಿವಸ್ತ್ರಗೊಳಿಸಿ, ಕಂಬಕ್ಕೆ ಕಟ್ಟಿ ಹೊಡೆದರು. ನೆರೆದವರಲ್ಲಿ ಬಿಡಿಸಲು ಮುಂದಾದವನು ಒಬ್ಬನೇ, ಅವನಿಗೂ ಪೆಟ್ಟು ಬಿತ್ತು. ಹೈಕೋರ್ಟು ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ಬೆಂಟಿಂಕನ ಕಾಲದಲ್ಲಿ ಇಡೀ ಊರಿನ ಮೇಲೆ ಹೇರುತ್ತಿದ್ದ ಪುಂಡುಗಂದಾಯವನ್ನು ನೆನಪಿಸಿ, ನೋಡುತ್ತ ನಿಂತವರೂ ಹೊಣೆ ಹೊರಬೇಕೆಂದಿತು. ಅಂಕಿ-ಅಂಶದ ಪುಸ್ತಕದಲ್ಲಿ ಆ ರಾತ್ರಿಯ ಬೆಲೆ ಒಂದು. ನೋಡುತ್ತ ನಿಂತವರನ್ನು ಬರೆಯಲು ಅಲ್ಲಿ ಕಾಲಮ್ಮೇ ಇಲ್ಲ. ಓಣಿಯೊಂದು ಸುರಕ್ಷಿತವೋ ಅಲ್ಲವೋ ಎಂಬುದನ್ನು ಹೇಳುವವರು ಮಾತ್ರ ಅವರೇ.

ನಮ್ಮ ಬಂಧುಗಳಲ್ಲಿ ಹಲವರಿಗೆ ಮುಂದಿನ ಮಾತು ಹಿಡಿಸದು, ಆದರೂ ಹೇಳುತ್ತೇನೆ. ‘ಹೊರಗಿನವರು ಬಂದು ಊರು ಕೆಟ್ಟಿತು, ಹುಡುಗಿಯರು ಏಳರೊಳಗೆ ಮನೆ ಸೇರಲಿ’ ಎನ್ನುತ್ತೀರಲ್ಲ, ಮನೆಯೊಳಗಿನ ಲೆಕ್ಕವನ್ನು ನೋಡಿದ್ದೀರಾ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರ ಪೈಕಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ದೇಶದ ಸರಾಸರಿ 29. ಹಿಂಸೆಗೊಳಗಾದವರಲ್ಲಿ ಯಾರಿಂದಲಾದರೂ ನೆರವು ಕೇಳಿದವರು ದೇಶದಲ್ಲಿ ನೂರಕ್ಕೆ 14 ಮಾತ್ರ. ಮುಕ್ಕಾಲು ಪಾಲಿಗಿಂತ ಹೆಚ್ಚಿನವರು ಒಬ್ಬರಿಗೂ ಬಾಯಿ ಬಿಟ್ಟಿಲ್ಲ. ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಿತನೇ ಎಂದು ಬ್ಯೂರೋದ ವರದಿಗಳು ಹೇಳುತ್ತವೆ. ಹಾಗಿರುವಾಗ ಏಳಕ್ಕೆ ಬಾಗಿಲು ಹಾಕಿದರೆ ಚಿಲಕದ ಯಾವ ಬದಿಗೆ ಅಪಾಯ?

ಇನ್ನು ನನ್ನ ತಪ್ಪು. 1990ರ ದಶಕದ ಕೊನೆ, ಊರು-ಶಾಲೆಗಳ ಹೆಸರು ಬೇಡ. ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ತನ್ನನ್ನು ಪೀಡಿಸುತ್ತಿದ್ದ ಹುಡುಗನ ಮೇಲೆ ಶಾಲೆಯಲ್ಲಿ ದೂರು ಹೇಳಿದಳು. ಮರುದಿನ ಅವನು ದಾರಿಯಲ್ಲಿ ಅಡ್ಡಗಟ್ಟಿ ಬಡಿಗೆಯಿಂದ ಹೊಡೆದ, ಮುಂಗೈ ಎಲುಬು ಮುರಿಯಿತು. ಎಲುಬು ಮುರಿದರೆ ಅದು ಕಾನೂನಿನ ಪ್ರಕಾರ ಗಂಭೀರ ಗಾಯ, ಪೊಲೀಸರು ತಾವಾಗಿಯೇ ತನಿಖೆ ಮಾಡಬೇಕಾದದ್ದು. ಇದು ನನಗೆ ಗೊತ್ತಿತ್ತು. ಆದರೂ ರಾಜಿಗೆ ಕುಳಿತ ಐವರಲ್ಲಿ ನಾನೂ ಒಬ್ಬ. “ಹೆಣ್ಣು ಹುಡುಗಿ ಹೆಸರು ಠಾಣೆಗೆ ಯಾಕ ಒಯ್ತೀರಿ” ಎಂದು ಅವಳ ತಂದೆಗೆ ಬುದ್ಧಿ ಹೇಳಿದವನು ನಾನೇ. ಔಷಧದ ಖರ್ಚು ಕೊಡಿಸಿದೆವು, ಚಹಾ ಕುಡಿದು ಎದ್ದೆವು. ಆಸ್ಪತ್ರೆಯ ಕಾಗದದಲ್ಲಿ ಮೆಟ್ಟಿಲಿನಿಂದ ಬಿದ್ದುದೆಂದು ಬರೆಸಿದ್ದರು. ಎರಡು ತಿಂಗಳಲ್ಲಿ ಅವಳು ಶಾಲೆ ಬಿಟ್ಟಳು. ಹಾಜರಿ ಪುಸ್ತಕದಲ್ಲಿ ‘ದೀರ್ಘ ಗೈರುಹಾಜರಿ’ ಎಂದು ಬರೆದು ಗೆರೆ ಎಳೆದದ್ದೂ ಇದೇ ಕೈ. ಆ ವರ್ಷ ಆ ಠಾಣೆಯ ಅಂಕಿಯಲ್ಲಿ ಒಂದು ಕಡಿಮೆಯಾಯಿತು. ಊರು ಅಷ್ಟರಮಟ್ಟಿಗೆ ‘ಸುರಕ್ಷಿತ’ವಾಯಿತು. ಆ ಹುಡುಗ ಮರುವರ್ಷ ಇನ್ನೊಬ್ಬಳ ಹಿಂದೆ ಬಿದ್ದ.

ಆದ್ದರಿಂದ ಒಂದು ಊರಿನಲ್ಲಿ ಹಲ್ಲೆಯ ದೂರು ಹೆಚ್ಚಾಗಿದೆ ಎಂದು ಓದಿದರೆ ನಾನೀಗ ಮೊದಲು ಗಾಬರಿಗೊಳ್ಳುವುದಿಲ್ಲ. ಅಲ್ಲಿಯ ಹೆಣ್ಣುಮಕ್ಕಳು ಠಾಣೆಯ ಮೆಟ್ಟಿಲು ಹತ್ತತೊಡಗಿರಬಹುದು ಎಂದುಕೊಳ್ಳುತ್ತೇನೆ. ನಿಜವಾಗಿಯೂ ಬಡಿದಾಟವೇ ಹೆಚ್ಚಿರಲೂಬಹುದು, ಅಂಕಿಯೊಂದರಿಂದಲೇ ಅದು ತಿಳಿಯದು. ಗಂಭೀರ ಅಪರಾಧದ ದೂರು ಬಂದರೆ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟು ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲೇ ಹೇಳಿದೆ. ಹೊಳೆಯಾಚೆ ಖಿದ್ರಾಪುರದಲ್ಲಿ ಪೆಟ್ಟು ತಿಂದು ಈಚೆ ದಡದ ಠಾಣೆಗೆ ಬಂದರೂ ‘ನಮ್ಮ ಹದ್ದಲ್ಲ’ ಎಂದು ತಿರುಗಿಸಿ ಕಳಿಸುವಂತಿಲ್ಲ. ಅಲ್ಲಿ ಬರೆದುಕೊಂಡು, ಸಂಬಂಧಪಟ್ಟ ಠಾಣೆಗೆ ಅವರೇ ಕಳಿಸಬೇಕು. ಕಾನೂನು ಇಷ್ಟು ದೂರ ಬಂದಿದೆ. ನಡುವೆ ಅಡ್ಡ ಕುಳಿತಿರುವವರು ನಮ್ಮಂಥ ಹಿರಿಯರು, ಕೈಯಲ್ಲಿ ಚಹಾದ ಬಶಿ ಹಿಡಿದು.

ಆ ವಿದ್ಯಾರ್ಥಿಗೆ ಹೇಳಿದ್ದು ಇಷ್ಟು: “ಸಂಚಕಾರ ಕೊಡೂಕ್ಕಿಂತ ಮೊದಲ ಒಂದ್ ಸಂಜಿಗೆ ಮಗಳನ್ನ ಕರಕೊಂಡು ಬಾಪಾ. ರಾತ್ರಿ ಎಂಟಕ್ಕ ಬಸ್ ಸ್ಟ್ಯಾಂಡಿನಿಂದ ಆ ಪ್ಲಾಟಿನ ತನಕ ಮೂರೂ ಮಂದಿ ನಡಕೋತ ಹೋಗೂಣು. ದೀಪ ಎಲ್ಲೆಲ್ಲಿ ಅದಾವು, ಯಾವ ಅಂಗಡಿ ತೆರದಿರತೈತಿ ನೋಡೂಣು. ಆ ಓಣಿ ಹೆಣ್ಮಕ್ಕಳನ್ನ ಮಾತಾಡಸೂಣು. ಆಮ್ಯಾಲ ನೀ ಏನೂ ಅನಬ್ಯಾಡ, ಆಕೀನ ಕೇಳು.”

ಬರುವ ರವಿವಾರ ಬರುತ್ತೇನೆಂದಿದ್ದಾನೆ.